ಎಪ್ಪತ್ತಾರೋ, ಎಪ್ಪತ್ತೊಂದೋ?

ವಾಯುಭಾರವೆಷ್ಟೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘76 ಸೆಂಟಿಮೀಟರ್ ಪಾದರಸ’ವೆಂಬ ಉತ್ತರ ಒಡನೆಯೇ ಬರುತ್ತದೆ, ಅದಕ್ಕೆ ಅಂಕವೂ ದೊರೆಯುತ್ತದೆ. ಆದರೆ ಅದು ಕಡಲ ಮಟ್ಟದ ಲೆಕ್ಕ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರಗಳು ಕಡಲಿಗಿಂತ ಸುಮಾರು 550-600 ಮೀಟರ್ ಎತ್ತರದಲ್ಲಿವೆ. ಇಲ್ಲಿ ಪಾದರಸ ನಿಲ್ಲತಕ್ಕದ್ದು 71ರ ಆಸುಪಾಸಿನಲ್ಲಿ.

ಪಾದರಸ ವಿಷಪದಾರ್ಥವಾದ್ದರಿಂದ ಅದನ್ನು ಮಕ್ಕಳ ಕೈಗೆ ಕೊಡುವಂತಿಲ್ಲ. ಈಗಲೋ ಬೆರಳುಗುರಿಗಿಂತ ಚಿಕ್ಕದಾದ ಒತ್ತಡದ ಸೆನ್ಸಾರ್ ಬಂದಿದೆ. ಅದರೊಳಗಿನ ಸಿಲಿಕಾನಿನ ತೆಳುಪೊರೆ ಗಾಳಿಯ ಒತ್ತಡಕ್ಕೆ ತುಸುವೇ ಬಾಗುತ್ತದೆ. ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ಕಾಣುತ್ತದೆ. 1648ರಲ್ಲಿ ಪಾಸ್ಕಲನ ಭಾವ ಪೆರಿಯೆ ಪಾದರಸದ ನಳಿಗೆಯೊಡನೆ ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟವನ್ನೇರಿ ಕಂಡ ಸತ್ಯವನ್ನು ಇಂದು ಶಾಲೆಯ ಮೆಟ್ಟಿಲುಗಳ ಮೇಲೆಯೇ ಕಾಣಬಹುದು. ಒಂದು ಅಂತಸ್ತು ಏರಿದರೆ ಅಂಕಿ ಹೆಕ್ಟೋಪಾಸ್ಕಲಿನ ಮೂರನೆಯ ಒಂದಂಶದಷ್ಟು ಇಳಿಯುತ್ತದೆ.

ತೊಡಕು ಇರುವುದು ಮುಂದೆ. ಸೆನ್ಸಾರ್ 945 ಎನ್ನುತ್ತದೆ. ಮೊಬೈಲಿನ ಹವಾವರದಿ 1010 ಎನ್ನುತ್ತದೆ. ಪುಸ್ತಕದಲ್ಲಿ 1013 ಇದೆ. ಉಪಕರಣ ಕೆಟ್ಟಿದೆಯೆಂದು ತೀರ್ಮಾನಿಸುವುದು ಸುಲಭ. ಅದಕ್ಕಿಂತಲೂ ಸುಲಭ, 65ನ್ನು ಮೆಲ್ಲನೆ ಕೂಡಿಸಿ ಉತ್ತರವನ್ನು ‘ಸರಿ’ಪಡಿಸುವುದು. ವರದಿಯ ಅಂಕಿಯನ್ನು ಕಡಲ ಮಟ್ಟಕ್ಕೆ ಪರಿವರ್ತಿಸಿಯೇ ಕೊಟ್ಟಿರುತ್ತಾರೆ. ಊರೂರುಗಳನ್ನು ಹೋಲಿಸಿ ಮಳೆ ಗಾಳಿಗಳನ್ನು ತಿಳಿಯುವವರಿಗೆ ಅದು ಬೇಕು. ಎಳೆಯರಿಗೆ ಆ ಪರಿವರ್ತನೆಯನ್ನು ಕಲಿಸೋಣ. ಕಲಿಸದೆ ಕೂಡಿಸಿದರೆ ಹಾನಗಲ್ಲಿನ ಗಾಳಿಯನ್ನು ಕಾರವಾರದ್ದೆಂದು ಬರೆಸಿದಂತಾಗುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ಅಪರಾಧವಲ್ಲ.

ಅಂಕಿ ತಾನಾಗಿ ಮೂಡುವುದರಿಂದ ಹುಡುಗರು ಯೋಚಿಸುವುದನ್ನೇ ಬಿಡುವರೆಂಬ ಹಿರಿಯರ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಅದಕ್ಕೆ ಮದ್ದು ಗೌಂಡಿಗಳ ಬಳಿಯಲ್ಲಿದೆ. ಅವರು ಮಟ್ಟ ನೋಡುವ ಪಾರದರ್ಶಕ ಕೊಳವೆಯನ್ನು ಯು ಆಕಾರಕ್ಕೆ ಬಾಗಿಸಿ ಕುಂಕುಮದ ನೀರು ತುಂಬಬೇಕು. ಗಾಳಿ ಸೋರದ ಡಬ್ಬಿಯೊಂದರಲ್ಲಿ ಸೆನ್ಸಾರನ್ನಿಟ್ಟು, ಕೊಳವೆಯ ಒಂದು ತುದಿಯನ್ನು ಡಬ್ಬಿಗೆ ಜೋಡಿಸಿ, ಮೆಲ್ಲನೆ ಊದಬೇಕು. ಎರಡು ಬದಿಯ ನೀರಿನ ಮಟ್ಟಗಳಲ್ಲಿ 10 ಸೆಂಟಿಮೀಟರ್ ಅಂತರವಾದಾಗ ಸೆನ್ಸಾರಿನ ಅಂಕಿಯೂ ಹತ್ತಿರ ಹತ್ತಿರ 10 ಹೆಕ್ಟೋಪಾಸ್ಕಲ್ ಏರಿರುತ್ತದೆ. ಆಗ ಡಬ್ಬಿ ಮಾಟದ ಪೆಟ್ಟಿಗೆಯಾಗಿ ಉಳಿಯುವುದಿಲ್ಲ. ನೀರು ಅದಕ್ಕೆ ಸಾಕ್ಷಿ ನುಡಿದಿರುತ್ತದೆ.

ಪರೀಕ್ಷಕರಲ್ಲಿ ನನ್ನದೊಂದು ವಿನಂತಿಯಿದೆ. 76ರ ಮುಂದೆ ‘ಕಡಲ ಮಟ್ಟದಲ್ಲಿ’ ಎಂಬೆರಡು ಮಾತುಗಳನ್ನೂ ಕೇಳಿರಿ. ಸವಣೂರಿನ ಹುಡುಗಿಯೊಬ್ಬಳು ತಾನೇ ಅಳೆದು, ಲೆಕ್ಕ ಹಾಕಿ 71 ಎಂದು ಬರೆದಿದ್ದರೆ, ಕೆಂಪು ಗೆರೆ ಎಳೆಯುವ ಮೊದಲು ಅವಳ ಪ್ರಯೋಗದ ವಹಿಯನ್ನು ತರಿಸಿ ನೋಡಿರಿ.