ಅಪ್‌ಗ್ರೇಡ್ ಖರ್ಚು: ಕೊಟೇಶನ್ನಿನಲ್ಲಿ ಕಾಣದ ಬಾಬ್ತುಗಳು

ವಿಜಯಪುರ ಜಿಲ್ಲೆಯ ಅಗರಖೇಡದ ರೈತರೊಬ್ಬರು ಹೊಲ ಖರೀದಿಗೆ ಮುನ್ನ ಅದರ ಮೇಲೆ ಬೋಜಾ ಏನಾದರೂ ಇದೆಯೇ ಎಂದು ನೋಡಲು ಈಗ ಇಂಡಿ ಪಟ್ಟಣದ ಉಪನೋಂದಣಿ ಕಚೇರಿಗೆ ಅಲೆಯಬೇಕಿಲ್ಲ. ಮಗನ ಮೊಬೈಲಿನಲ್ಲೇ ನೋಂದಣಿ ಇಲಾಖೆಯ ‘ಕಾವೇರಿ 2.0’ ತೆರೆದು ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದು. ಆದರೆ ಆನ್‌ಲೈನಿನಲ್ಲಿ ಸಲೀಸಾಗಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರ. ಅದಕ್ಕೂ ಹಿಂದಿನದು ಬೇಕೆಂದರೆ ಸಾಮಾನ್ಯವಾಗಿ ಕಚೇರಿಯ ಹಳೆಯ ದಫ್ತರಗಳನ್ನೇ ತಿರುವಿಸಬೇಕು. ಸಾಫ್ಟ್‌ವೇರ್ ಹೊಸದಾದ ಮಾತ್ರಕ್ಕೆ ಹಳೆಯ ಮಾಹಿತಿ ತಾನಾಗಿ ಅದರೊಳಗೆ ಬಂದು ಕೂರುವುದಿಲ್ಲ.

ನೋಂದಣಿ ಇಲಾಖೆಯ ಮೊದಲ ‘ಕಾವೇರಿ’ ಬಂದದ್ದು 2003ರಲ್ಲಿ. ಕಚೇರಿಯೊಳಗಿನ ಕಂಪ್ಯೂಟರುಗಳಲ್ಲಿ ನಡೆಯುತ್ತಿದ್ದ ಆ ತಂತ್ರಾಂಶಕ್ಕೆ ಇಪ್ಪತ್ತು ವರ್ಷ ತೇಪೆ ಹಚ್ಚಿ ಹಚ್ಚಿ, 2023ರಲ್ಲಿ ವೆಬ್ ಆಧಾರಿತ ಕಾವೇರಿ 2.0ಕ್ಕೆ ರಾಜ್ಯದ 250ಕ್ಕೂ ಹೆಚ್ಚು ಉಪನೋಂದಣಿ ಕಚೇರಿಗಳನ್ನು ಸಾಗಿಸಲಾಯಿತು. ಜನ ಮೊದಲೇ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತು ಮಾಡಿಕೊಂಡು ಬರುವ ಪದ್ಧತಿ ಶುರುವಾಯಿತು. ಸರ್ಕಾರದ ಬೇರೆ ತಂತ್ರಾಂಶಗಳಾದ ಭೂಮಿ, ಇ-ಸ್ವತ್ತು, ಖಜಾನೆ-2ರ ಜತೆ ಜೋಡಣೆಯಾಯಿತು. ಹಳೆಯದನ್ನೇ ಇನ್ನೊಂದು ಸುತ್ತು ರಿಪೇರಿ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಬದಲಿಸಿದ್ದು ಸರಿಯೇ. ಆದರೆ ಅದಕ್ಕೂ ದಂಡ ತೆರಬೇಕಾಯಿತು. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿ ನಡೆದಾಗ ರಾಜ್ಯದ ಉದ್ದಗಲಕ್ಕೂ ನೋಂದಣಿ ಕುಂಟಿತು. ಮೊದಲು ಒಂದು ಕಚೇರಿಯ ಯಂತ್ರ ಕೆಟ್ಟರೆ ಆ ಕಚೇರಿಯ ಮುಂದೆ ಮಾತ್ರ ಜನ ಕಾಯುತ್ತಿದ್ದರು.

ಸರ್ಕಾರಕ್ಕೆ ಬಜೆಟ್ ಇದೆ, ಎನ್‌ಐಸಿ ಇದೆ. ಇಂಡಿಯ ಲಿಂಬೆ ವ್ಯಾಪಾರಿಗೆ, ಸಿಂದಗಿಯ ಕಾಲೇಜಿಗೆ, ಬಸವನ ಬಾಗೇವಾಡಿಯ ಪತ್ತಿನ ಸಂಘಕ್ಕೆ ಏನಿದೆ? ಹತ್ತು ವರ್ಷದ ಹಿಂದೆ ವಿಜಯಪುರದ ಯಾವನೋ ಹುಡುಗ ಮಾಡಿಕೊಟ್ಟ ಒಂದು ವೆಬ್‌ಸೈಟ್ ಇದೆ. ಅದು ಒಂದು ಬೆಳಿಗ್ಗೆ ಬಿಳಿ ಪುಟವಾಗಿ ನಿಲ್ಲುತ್ತದೆ. ಇದರ ಹಿಂದೆ ಹೆಚ್ಚಾಗಿ ಇರುವ ಕಾರಣ ಬಹಳ ಸಣ್ಣದು. ಇಂಥ ಸೈಟುಗಳನ್ನು ಬರೆಯುವ ಪಿಎಚ್‌ಪಿ ಭಾಷೆಯ ಹಳೆಯ ಆವೃತ್ತಿಗಳಲ್ಲಿ ಡೇಟಾಬೇಸ್ ಜತೆ ಮಾತಾಡಲು ಎಲ್ಲರೂ ಬಳಸುತ್ತಿದ್ದ ‘ಮೈಎಸ್‌ಕ್ಯೂಎಲ್’ ಫಂಕ್ಷನ್ನುಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7 ತೆಗೆದುಹಾಕಿತು. ಪಿಎಚ್‌ಪಿ 5.6ಕ್ಕೆ ಭದ್ರತಾ ಬೆಂಬಲ 2018ರ ಕೊನೆಗೆ ಮುಗಿಯಿತು. ಹೋಸ್ಟಿಂಗ್ ಕಂಪನಿ ಸರ್ವರನ್ನು ಹೊಸದು ಮಾಡಿದ ದಿನ ಹಳೆಯ ಕೋಡ್ ಕೈ ಎತ್ತಿತು. ಮಾಡಿಕೊಟ್ಟ ಹುಡುಗ ಅಷ್ಟರಲ್ಲಿ ಪುಣೆಯಲ್ಲೋ ಬೆಂಗಳೂರಲ್ಲೋ ನೌಕರಿಯಲ್ಲಿದ್ದಾನೆ.

ಆಗ ಮಾಲೀಕರ ಮೇಜಿನ ಮೇಲೆ ಎರಡು ಕೊಟೇಶನ್ ಬರುತ್ತವೆ. ಇದ್ದದ್ದನ್ನೇ ಅಪ್‌ಗ್ರೇಡ್ ಮಾಡಲು ಇಷ್ಟು, ವರ್ಡ್‌ಪ್ರೆಸ್ಸಿನಂಥ ಬೇರೆ ಪ್ಲಾಟ್‌ಫಾರ್ಮಿಗೆ ಹೋಗಲು ಅಷ್ಟು. ಎರಡನೆಯದರಲ್ಲಿ ‘ಸಾಫ್ಟ್‌ವೇರ್ ಬೆಲೆ: ಸೊನ್ನೆ’ ಎಂಬ ಸಾಲು ಕಣ್ಣಿಗೆ ಕುಕ್ಕುತ್ತದೆ. ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ತೂಗುವುದರಲ್ಲೇ ಎಡವಟ್ಟಿದೆ. ಏಕೆಂದರೆ ‘ಅಪ್‌ಗ್ರೇಡ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳು ಮಾರಾಟವಾಗುತ್ತವೆ.

ವೆಬ್‌ಸೈಟ್ ಕಟ್ಟುವ ದ್ರುಪಲ್ ತಂತ್ರಾಂಶ ಇದಕ್ಕೆ ತಕ್ಕ ಉದಾಹರಣೆ. 2011ರ ದ್ರುಪಲ್ 7ರಿಂದ 2015ರ ದ್ರುಪಲ್ 8ಕ್ಕೆ ಹೋಗುವುದು ಹೆಸರಿಗಷ್ಟೇ ಅಪ್‌ಗ್ರೇಡ್. ಒಳಗಿನ ಕಟ್ಟಡ ಸಿಂಫೊನಿ ಎಂಬ ಬೇರೆ ಅಡಿಪಾಯದ ಮೇಲೆ ನಿಂತಿತು, ಹಳೆಯ ಥೀಮು, ಮಾಡ್ಯೂಲುಗಳು ಕೆಲಸಕ್ಕೆ ಬರಲಿಲ್ಲ. ಸಾವಿರಾರು ಸಂಸ್ಥೆಗಳು 7ರಲ್ಲೇ ಕೂತವು. ಬೆಂಬಲದ ಗಡುವನ್ನು ಮುಂದೂಡಿ ಮುಂದೂಡಿ ಕೊನೆಗೆ 2025ರ ಜನವರಿ 5ರಂದು ನಿಲ್ಲಿಸಲಾಯಿತು. ಅದೇ ದ್ರುಪಲ್‌ನಲ್ಲಿ 8ರಿಂದ 9ಕ್ಕೆ ಹೋಗುವುದು ಬಹುಪಾಲು ಸಲೀಸಾಗಿತ್ತು. ಗೂಗಲ್‌ನ ಆಂಗ್ಯುಲರ್‌ಜೆಎಸ್ ಬಳಸುತ್ತಿದ್ದವರಿಗೂ 2016ರಲ್ಲಿ ಆಂಗ್ಯುಲರ್ 2 ಬಂದಾಗ ಆದದ್ದು ದ್ರುಪಲ್ 7ರವರ ಪಾಡೇ. ಹೆಸರು ಉಳಿಯಿತು, ಕೋಡನ್ನು ಹೊಸದಾಗಿ ಬರೆಯಬೇಕಾಯಿತು.

ಹಾಗಾಗಿ ಕೊಟೇಶನ್ ತಂದವರನ್ನು ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಈಗಿರುವ ಕೋಡಿನಲ್ಲಿ ಎಷ್ಟು ಪಾಲು ಹಾಗೇ ಉಳಿಯುತ್ತದೆ ಎಂದು. ಬಹುಪಾಲು ಉಳಿಯುವುದಾದರೆ ಕಣ್ಣುಮುಚ್ಚಿ ಅಪ್‌ಗ್ರೇಡ್ ಮಾಡಿಸಿ. ಹೊಳೆಯುವ ಹೊಸ ಪ್ಲಾಟ್‌ಫಾರ್ಮಿನ ಆಸೆಗೆ ಬೀಳಬೇಡಿ. ಏನೂ ಉಳಿಯುವುದಿಲ್ಲವೆಂದಾದರೆ ಅದು ಅಪ್‌ಗ್ರೇಡ್ ಅಲ್ಲ. ಆಗ ಹಳೆಯ ಕಂಪನಿಗೆ ನಿಷ್ಠೆ ತೋರಿಸುವ ದರ್ದು ನಿಮಗಿಲ್ಲ, ಮಾರುಕಟ್ಟೆಯನ್ನು ಹೊಸದಾಗಿ ನೋಡಿ. ಹಾಗೆಂದು ಎಲ್ಲವನ್ನೂ ಕೆಡವಿ ಕಟ್ಟುವುದು ಪರಾಕ್ರಮವೂ ಅಲ್ಲ. ನೆಟ್‌ಸ್ಕೇಪ್ ತನ್ನ ಬ್ರೌಸರನ್ನು ಮೊದಲಿಂದ ಬರೆಯಲು ಕೂತು, 5ನೇ ಆವೃತ್ತಿಯನ್ನೇ ಕೈಬಿಟ್ಟು, 2000ದ ನವೆಂಬರಿನಲ್ಲಿ 6ನ್ನು ಹೊರತಂದಾಗ ಗಿರಾಕಿಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆ ಹೋಗಿಯಾಗಿತ್ತು.

ಕನ್ನಡದ ಸೈಟುಗಳಿಗೆ ಇನ್ನೊಂದು ಬಾಬ್ತು ಇದೆ, ಅದು ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುಂಚಿನ ಬರಹವೆಲ್ಲ ನುಡಿ, ಬರಹ, ಶ್ರೀಲಿಪಿಯಂಥ ಫಾಂಟುಗಳ ಸ್ವಂತ ಸಂಕೇತದಲ್ಲಿದೆ. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಪದದಿಂದ ಫಾಂಟ್ ತೆಗೆದು ನೋಡಿ: ‘ನ’ ಇದ್ದಲ್ಲಿ ಬ್ರಿಟಿಷರ ಪೌಂಡಿನ ಗುರುತು ಕಾಣುತ್ತದೆ. ಇದನ್ನು ಗೂಗಲ್ ಹುಡುಕಲಾರದು. ಪರಿವರ್ತಕಗಳಿವೆ ನಿಜ, ಆದರೆ ಒತ್ತಕ್ಷರ, ಅರ್ಕಾವತ್ತು, ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ ಅವು ಮುಗ್ಗರಿಸುತ್ತವೆ. ಸಂಘದ ಹಳೆಯ ಠರಾವುಗಳನ್ನು ಒಬ್ಬರು ಕೂತು ಸಾಲು ಸಾಲು ಓದಲೇಬೇಕು. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಗಳು 2001ರ ಪೇಜ್‌ಮೇಕರ್ 7ನ್ನು ಇವತ್ತಿಗೂ ಬಿಡದಿರುವುದು ಸೋಮಾರಿತನದಿಂದಲ್ಲ. ಕಪಾಟಿನಲ್ಲಿರುವ ಇಪ್ಪತ್ತು ವರ್ಷದ ಫೈಲುಗಳು ಆ ಫಾಂಟಿಗೆ ಅಂಟಿಕೊಂಡಿವೆ. ಹೊಸದಕ್ಕೆ ಹೋಗೋಣವೆಂದರೆ, ಪೇಜ್‌ಮೇಕರ್ 7 ತಂದ ಅಡೋಬಿಯೂ 2013ರಲ್ಲಿ ತನ್ನ ಪ್ರಮುಖ ತಂತ್ರಾಂಶಗಳ ಹೊಸ ಆವೃತ್ತಿಗಳಿಗೆ ಒಮ್ಮೆಗೇ ಕೊಳ್ಳುವ ಪದ್ಧತಿ ಬಿಟ್ಟು ಬಾಡಿಗೆ ಪದ್ಧತಿ ತಂದಿತು.

ನಮ್ಮ ಭೀಮಾ ದಂಡೆಯ ಊರುಗಳಿಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬಾಬ್ತು ಕೆಲಸದವರದು. ಯಾವ ಪ್ಲಾಟ್‌ಫಾರ್ಮ್ ಶ್ರೇಷ್ಠ ಎಂಬ ವಾದ ಬೆಂಗಳೂರಿನ ಕಂಪನಿಗೆ ಒಪ್ಪುತ್ತದೆ. ಇಲ್ಲಿ ಮುಂದಿನ ವರ್ಷ ಕೆಟ್ಟರೆ ವಿಜಯಪುರದಲ್ಲಿ ಅದನ್ನು ಬಲ್ಲವರು ನಾಲ್ಕು ಜನ ಸಿಗುತ್ತಾರೆಯೇ ಎಂಬುದಷ್ಟೇ ಪ್ರಶ್ನೆ. ತಾಂತ್ರಿಕವಾಗಿ ಸಾಧಾರಣವಾದರೂ ಹೆಚ್ಚು ಜನ ಬಲ್ಲ ಪಿಎಚ್‌ಪಿ, ವರ್ಡ್‌ಪ್ರೆಸ್‌ಗಳೇ ಈ ಲೆಕ್ಕದಲ್ಲಿ ಗೆಲ್ಲುತ್ತವೆ. ಒಬ್ಬನೇ ಬಲ್ಲ ಸೊಗಸಾದ ವ್ಯವಸ್ಥೆ ಬೇಡವೇ ಬೇಡ.

ಪತ್ತಿನ ಸಂಘಗಳು ಕರಾರಿನಲ್ಲಿ ಮೂರು ಸಾಲು ಬರೆಸಿಕೊಂಡರೂ ಸಾಕಷ್ಟು ಆಗುತ್ತದೆ. ಡೊಮೇನ್ ಹೆಸರು ಸಂಘದ ಹೆಸರಿನಲ್ಲೇ ಇರಬೇಕು. ಪಾಸ್‌ವರ್ಡುಗಳು ಕಾರ್ಯದರ್ಶಿಯ ಬಳಿ ಮುಚ್ಚಿದ ಲಕೋಟೆಯಲ್ಲಿರಬೇಕು. ಕೊನೆಯ ಕಂತು ಪಾವತಿಸುವ ಮುನ್ನ, ಸೈಟಿನ ಅಷ್ಟೂ ಮಾಹಿತಿಯನ್ನು ಯೂನಿಕೋಡ್ ಕಡತವಾಗಿ ಹೊರತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ತೋರಿಸಬೇಕು. ಇದಕ್ಕೆ ಒಪ್ಪದವರು ಎಷ್ಟು ಕಡಿಮೆ ದರ ಹೇಳಿದರೂ ಆ ಕೊಟೇಶನ್ ತೆಗೆದಿಡುವುದು ಲೇಸು.