ದೇವುಚಾ-ಪಾಚಾಮಿ: ಬೆಲೆ ಕೇಳಿದರು, ಒಪ್ಪಿಗೆ ಕೇಳಿದರೇ?

ಕೋಲ್ಕತ್ತಾ: ನಗರದಲ್ಲಿ 2025ರ ಫೆಬ್ರವರಿ 5ರಂದು ನಡೆದ ಬಂಗಾಳ ಜಾಗತಿಕ ವಾಣಿಜ್ಯ ಸಮಾವೇಶದಲ್ಲಿ ಮಮತಾ ಬ್ಯಾನರ್ಜಿಯವರು ಉದ್ಯಮಿಗಳ ಎದುರು ಒಂದು ಘೋಷಣೆ ಮಾಡಿದರು. ಬೀರ್‌ಭೂಮ್ ಜಿಲ್ಲೆಯ ದೇವುಚಾ-ಪಾಚಾಮಿ ಕಲ್ಲಿದ್ದಲು ಗಣಿಯ ಕೆಲಸ ಮರುದಿನವೇ ಶುರು ಎಂಬುದು ಆ ಘೋಷಣೆ. ಮಾತಿಗೆ ತಪ್ಪದೆ ಮರುದಿನ ಚಾಂದಾ ಎಂಬ ಊರಿನ ಬಯಲಿಗೆ ಯಂತ್ರಗಳು ಇಳಿದವು. ಹೆಚ್ಚು ದಿನ ಕಳೆಯುವ ಮೊದಲೇ ಊರಿನ ಸಂತಾಲ ಹೆಂಗಸರು ಆ ಯಂತ್ರಗಳೆದುರು ಬಂದು ನಿಂತರು.

ತಮ್ಮನ್ನು ಯಾರೂ ಕೇಳಲಿಲ್ಲ ಎಂಬುದು ಅವರ ದೂರು. ಮನೆಮನೆಗೆ ಹೋಗಿ ಕೇಳಿದ್ದೇವೆ, ಸಹಿ ಹಾಕಿದ ಪತ್ರಗಳಿವೆ ಎಂಬುದು ಆಡಳಿತದ ಉತ್ತರ. ಇಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಸೋಜಿಗ. ಕೇಳುವುದು ಎಂದರೆ ಏನು ಎಂಬ ವಿಷಯದಲ್ಲೇ ಇಬ್ಬರಿಗೂ ಭಿನ್ನಾಭಿಪ್ರಾಯವಿದೆ. ಕೋಲ್ಕತ್ತಾದ ಕನ್ನಡಿಗರಿಗೆ ಇದು ದೂರದ ಜಿಲ್ಲೆಯ ಗಲಾಟೆಯಂತೆ ಕಾಣಬಹುದು. ಆದರೆ ಈ ಗಣಿಯ ಕಡತದಲ್ಲಿ ಕರ್ನಾಟಕದ ಹೆಸರೂ ಇತ್ತೆಂಬುದು ಹಲವರಿಗೆ ತಿಳಿದಿರಲಾರದು.

ಶಾಂತಿನಿಕೇತನಕ್ಕೆ, ತಾರಾಪೀಠಕ್ಕೆ ಹೋಗಿ ಬಂದವರಿಗೆ ಬೀರ್‌ಭೂಮ್‌ನ ಕೆಂಪು ಮಣ್ಣು ಪರಿಚಿತ. ಜಿಲ್ಲಾ ಕೇಂದ್ರ ಸೂರಿಯಿಂದ ಉತ್ತರಕ್ಕೆ ಸಾಗಿದರೆ ಮೊಹಮ್ಮದ್ ಬಜಾರ್ ಬ್ಲಾಕ್ ಸಿಗುತ್ತದೆ. ಅದರಾಚೆ ಜಾರ್ಖಂಡ್‌ನ ದುಮ್ಕಾ ಜಿಲ್ಲೆಯ ಗಡಿ. ದೇವುಚಾ, ಪಾಚಾಮಿ, ದೇವಾನ್‌ಗಂಜ್, ಹರಿಣಶಿಂಗಾ ಎಂಬ ಊರುಗಳ ಅಡಿಯಲ್ಲಿ ಸುಮಾರು 210 ಕೋಟಿ ಟನ್ ಕಲ್ಲಿದ್ದಲು ಇದೆಯೆಂಬ ಅಂದಾಜಿದೆ. ಗಣಿ ಪ್ರದೇಶ 12 ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲಿ ವಾಸಿಸುವವರು ಸರ್ಕಾರದ ಲೆಕ್ಕದಲ್ಲೇ 21 ಸಾವಿರ ಮಂದಿ. ಅವರಲ್ಲಿ 9 ಸಾವಿರಕ್ಕೂ ಹೆಚ್ಚಿನವರು ಪರಿಶಿಷ್ಟ ಪಂಗಡದವರು, ಬಹುಪಾಲು ಸಂತಾಲರು.

ಕಲ್ಲಿದ್ದಲು ಸುಲಭಕ್ಕೆ ಸಿಗುವಂಥದ್ದೂ ಅಲ್ಲ. ಅದರ ಮೇಲೆ ಕಪ್ಪು ಬಸಾಲ್ಟ್ ಕಲ್ಲಿನ ದಪ್ಪ ಪದರವಿದೆ, ಕೆಲವೆಡೆ ಇನ್ನೂರು ಮೀಟರಿಗೂ ಮಿಕ್ಕಿ. ಹೀಗಾಗಿ ಮೊದಲು ಕಲ್ಲು ತೆಗೆಯಬೇಕು, ಆಮೇಲೆ ಕಲ್ಲಿದ್ದಲು. ಚಾಂದಾದಲ್ಲಿ 326 ಎಕರೆಯಲ್ಲಿ ಶುರುವಾದದ್ದು ಈ ಬಸಾಲ್ಟ್ ತೆಗೆಯುವ ಕೆಲಸವೇ.

ಇನ್ನು ಕರ್ನಾಟಕದ ಹೆಸರಿನ ವಿಷಯ. ದಶಕದ ಹಿಂದೆ ಕೇಂದ್ರ ಸರ್ಕಾರ ಈ ನಿಕ್ಷೇಪವನ್ನು ಪಶ್ಚಿಮ ಬಂಗಾಳ, ಬಿಹಾರ, ಪಂಜಾಬ್, ಉತ್ತರ ಪ್ರದೇಶ, ತಮಿಳುನಾಡು, ಕರ್ನಾಟಕ ಮತ್ತು ಸಟ್ಲೆಜ್ ಜಲ ವಿದ್ಯುತ್ ನಿಗಮಕ್ಕೆ ಜಂಟಿಯಾಗಿ ಹಂಚಿತ್ತು. ಬೆಂಗಾಲ್ ಬೀರ್‌ಭೂಮ್ ಕೋಲ್‌ಫೀಲ್ಡ್ಸ್ ಎಂಬ ಕಂಪನಿಯೂ ಹುಟ್ಟಿತು. ಕಲ್ಲಿನ ಪದರ, ಖರ್ಚು, ಜನವಸತಿ ಎಲ್ಲ ಲೆಕ್ಕ ಹಾಕಿದ ಮೇಲೆ ಉಳಿದವರಿಗೆ ಉತ್ಸಾಹ ಉಳಿಯಲಿಲ್ಲ. 2018ರಲ್ಲಿ ನಿಕ್ಷೇಪ ಬಂಗಾಳವೊಂದಕ್ಕೇ ಎಂದಾಯಿತು. 2019ರ ಡಿಸೆಂಬರಿನಲ್ಲಿ ರಾಜ್ಯದ ವಿದ್ಯುತ್ ಅಭಿವೃದ್ಧಿ ನಿಗಮದ ಕೈ ಸೇರಿತು. ಹಂಚಿಕೆ ಹಾಗೆಯೇ ಮುಂದುವರಿದಿದ್ದರೆ ರಾಯಚೂರಿನ ಒಲೆಗೂ ಪಾಚಾಮಿಯ ಕಲ್ಲಿದ್ದಲು ಹೋಗುತ್ತಿತ್ತೇನೋ. ಕರ್ನಾಟಕದ ವಿದ್ಯುತ್ತಿಗೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್‌ನಲ್ಲಿ ನೆಲ ಬಗೆದದ್ದು, ಆ ಗಣಿಗೆ ಪಾಲುದಾರನಾಗಿ ಇದೇ ಕೋಲ್ಕತ್ತಾ ಮೂಲದ ಕಂಪನಿ ಸಿಕ್ಕಿದ್ದು ಈ ಸಂದರ್ಭದಲ್ಲಿ ನೆನಪಾಗುವ ಸಂಗತಿ.

ಸಿಂಗೂರಿನ ಪಾಠ

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಮಮತಾ ಬ್ಯಾನರ್ಜಿಯವರು ಅಧಿಕಾರಕ್ಕೆ ಬಂದದ್ದೇ ಬಲವಂತದ ಭೂಸ್ವಾಧೀನದ ವಿರುದ್ಧ ಹೋರಾಡಿ. 2006ರಲ್ಲಿ ಸಿಂಗೂರಿನ 997 ಎಕರೆ, 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ ಪೊಲೀಸ್ ಗುಂಡಿಗೆ ಬಿದ್ದ 14 ಹೆಣಗಳು, ಇವನ್ನು ಆ ದಿನಗಳಲ್ಲಿ ಇಲ್ಲಿದ್ದ ಯಾವ ಕನ್ನಡಿಗನೂ ಮರೆತಿರಲಾರ. ಸಿಂಗೂರಿನ ಸ್ವಾಧೀನವನ್ನು 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಹಾಗಾಗಿ ದೇವುಚಾದಲ್ಲಿ ಸಿಂಗೂರು ಮರುಕಳಿಸಬಾರದು ಎಂದು ಅವರು ಹೇಳಿದಾಗ ಆ ಮಾತಿಗೆ ತೂಕವಿತ್ತು.

2021ರ ನವೆಂಬರ್ 9ರಂದು ವಿಧಾನಸಭೆಯಲ್ಲಿ 10,000 ಕೋಟಿ ರೂಪಾಯಿಗಳ ಪರಿಹಾರ ಯೋಜನೆ ಪ್ರಕಟವಾಯಿತು. ಬಿಘಾ ಒಂದಕ್ಕೆ 10ರಿಂದ 13 ಲಕ್ಷ, ಕಟ್ಟಿಕೊಟ್ಟ ಮನೆ, ಭೂಮಿ ಕೊಟ್ಟ ಕುಟುಂಬದ ಒಬ್ಬರಿಗೆ ಪೊಲೀಸ್ ಇಲಾಖೆಯಲ್ಲಿ ಜೂನಿಯರ್ ಕಾನ್‌ಸ್ಟೆಬಲ್ ಕೆಲಸ, ಕ್ರಷರ್ ಕಾರ್ಮಿಕರಿಗೂ ನೆರವು. ಮುಂದೆ ಮೊತ್ತವನ್ನು ಇನ್ನಷ್ಟು ಏರಿಸಲಾಯಿತು. ದೇಶದಲ್ಲಿ ಗಣಿಗಾಗಿ ಮನೆಮಠ ಕಳೆದುಕೊಂಡ ಆದಿವಾಸಿಗಳಿಗೆ ಸಾಮಾನ್ಯವಾಗಿ ಸಿಕ್ಕಿರುವುದಕ್ಕೆ ಹೋಲಿಸಿದರೆ ಇದು ಕೈಬಿಚ್ಚಿದ ಕೊಡುಗೆಯೇ. ಕೆಲಸದ ಆದೇಶ ಪಡೆದು ಸಂತೋಷಪಟ್ಟ ಕುಟುಂಬಗಳೂ ಇವೆ. ಪಾಚಾಮಿ ಈಗೇನೂ ತಪೋವನವಲ್ಲ ಎಂಬುದನ್ನೂ ಹೇಳಬೇಕು. ದಶಕಗಳಿಂದ ಅಲ್ಲಿ ಕಲ್ಲು ಕ್ವಾರಿ, ಕ್ರಷರ್‌ಗಳು ದೂಳೆಬ್ಬಿಸುತ್ತಿವೆ. ಎಷ್ಟೋ ಸಂತಾಲರು ತಮ್ಮ ಹೊಲದ ಪಕ್ಕದಲ್ಲೇ ಕಲ್ಲು ಹೊತ್ತು ಬದುಕುತ್ತಿದ್ದಾರೆ. ಆ ದೂಳಿನ ಬಗ್ಗೆ ಕೋಲ್ಕತ್ತಾದ ಪತ್ರಿಕೆಗಳು ಈಗಿನಷ್ಟು ಬರೆದಿರಲಿಲ್ಲ.

ಹಾಗಿದ್ದರೂ ಪ್ರತಿಭಟನೆ ನಿಲ್ಲಲಿಲ್ಲ. 2021ರ ಡಿಸೆಂಬರಿನಲ್ಲೇ ದೇವಾನ್‌ಗಂಜ್ ಕಡೆ ಹೆಂಗಸರು ಮತ್ತು ಪೊಲೀಸರ ನಡುವೆ ಜಟಾಪಟಿಯಾಯಿತು. ಮರುವರ್ಷ ಧರಣಿ, ಮೆರವಣಿಗೆ ನಡೆದವು, ಕೋಲ್ಕತ್ತಾದ ವಿದ್ಯಾರ್ಥಿಗಳು, ಅರ್ಥಶಾಸ್ತ್ರಜ್ಞರು ಅಲ್ಲಿಗೆ ಹೋದರು, ಕೆಲವರ ಬಂಧನವೂ ಆಯಿತು. ಹಣ ಸಾಲದು ಎಂಬುದಷ್ಟೇ ತಕರಾರಾಗಿದ್ದರೆ ಮೊತ್ತ ಏರಿಸಿದಾಗ ಅದು ಮುಗಿಯಬೇಕಿತ್ತು.

ಇಲ್ಲಿ ಸರ್ಕಾರ ಅನುಸರಿಸಿದ ಮಾರ್ಗವನ್ನು ನೋಡಬೇಕು. ಭೂಸ್ವಾಧೀನ ಕಾಯಿದೆಯ ದಾರಿ ಹಿಡಿಯದೆ, ಒಬ್ಬೊಬ್ಬ ಹಿಡುವಳಿದಾರನಿಂದ ನೇರ ಖರೀದಿ. 2013ರ ಭೂಸ್ವಾಧೀನ ಕಾಯಿದೆ ಹಿಡಿದಿದ್ದರೆ ಸಾಮಾಜಿಕ ಪರಿಣಾಮದ ಅಧ್ಯಯನ, ಪಂಚಾಯತಿಯೊಂದಿಗೆ ಸಮಾಲೋಚನೆ, ಸಾರ್ವಜನಿಕ ಅಹವಾಲು ಎಲ್ಲವೂ ಕಡ್ಡಾಯವಾಗುತ್ತಿತ್ತು. ಖರೀದಿಯಲ್ಲಿ ಅದೊಂದೂ ಬೇಕಿಲ್ಲ. ಮಾರುವವನು, ಕೊಳ್ಳುವವನು ಇಬ್ಬರಿದ್ದರೆ ಸಾಕು. ಬಲವಂತವಿಲ್ಲ ಎಂದು ಸರ್ಕಾರ ಹೇಳುವುದೂ ನಿಜವಾಗುತ್ತದೆ, ಊರು ಒಟ್ಟಾಗಿ ಕುಳಿತು ಮಾತಾಡಲೇ ಇಲ್ಲ ಎಂಬುದೂ ನಿಜವಾಗುತ್ತದೆ. ಮನೆಮನೆಗೆ ಹೋದ ಅಧಿಕಾರಿ ಕೇಳಿದ್ದು ಎಷ್ಟು ಬೇಕು ಎಂದು. ಗಣಿ ಬೇಕೋ ಬೇಡವೋ ಎಂದು ಕೇಳುವ ಜಾಗ ಆ ಅರ್ಜಿ ನಮೂನೆಯಲ್ಲಿ ಇರಲು ಸಾಧ್ಯವಿಲ್ಲ. ಇನ್ನು ಪಕ್ಕದ ಮೂವರು ಮಾರಿದ ಮೇಲೆ ನಾಲ್ಕನೆಯವನು ಗಣಿಯ ಅಂಚಿನಲ್ಲಿ ಎಷ್ಟು ದಿನ ಉಳಿದಾನು?

ಸರ್ಕಾರದ್ದೇ ಜಾಗದಲ್ಲಿ ಮೊದಲ ಹಂತ ಎಂಬ ಮಾತಿಗೂ ಇದೇ ತೊಡಕು. ಕಾಗದದಲ್ಲಿ ಸರ್ಕಾರದ ಹೆಸರಿನಲ್ಲಿರುವ ನೆಲದಲ್ಲೇ ದನ ಮೇಯುವುದು, ಹಿಪ್ಪೆ ಹೂ ಆರಿಸುವುದು, ಸಾಲ ಮರಗಳ ನಡುವೆ ಸಂತಾಲರು ಪೂಜಿಸುವ ಜಾಹೇರ್ ಬನ ಇರುವುದು. ಅದಕ್ಕೆ ಬಿಘಾಕ್ಕೆ ಇಷ್ಟು ಎಂದು ಪಡೆಯಲು ಯಾರ ಹೆಸರಿನಲ್ಲೂ ಪಟ್ಟೆಯಿಲ್ಲ.

ಗಡಿಯ ಆಚೆ ಈಚೆ

ಸಂತಾಲ ಪರಗಣ ಹುಟ್ಟಿದ್ದೇ 1855ರ ಹೂಲ್ ದಂಗೆಯ ನಂತರ. ಸಿದೋ-ಕಾನ್ಹೋ ಸಹೋದರರ ಆ ದಂಗೆಯ ಬಿಸಿ ಬೀರ್‌ಭೂಮ್‌ಗೂ ತಟ್ಟಿತ್ತು. ದುಮ್ಕಾ ಜಿಲ್ಲೆ ಇಂದು ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶ. ಅಲ್ಲಿ 1949ರ ಸಂತಾಲ ಪರಗಣ ಗೇಣಿ ಕಾಯಿದೆ ಭೂಮಿ ಪರಭಾರೆಯನ್ನು ತಡೆಯುತ್ತದೆ. 1996ರ ಪೇಸಾ ಕಾಯಿದೆಯಂತೆ ಭೂಸ್ವಾಧೀನಕ್ಕೆ ಮುನ್ನ ಗ್ರಾಮಸಭೆಯ ಜೊತೆ ಸಮಾಲೋಚಿಸಬೇಕು. ಕಾಗದದ ಮೇಲಾದರೂ ಇಷ್ಟು ರಕ್ಷಣೆಯಿದೆ. ಗಡಿ ದಾಟಿ ಮೊಹಮ್ಮದ್ ಬಜಾರಿಗೆ ಬಂದರೆ ಅದೇ ಭಾಷೆ, ಅದೇ ಬೀಗರು, ಆದರೆ ಐದನೇ ಅನುಸೂಚಿ ಇಲ್ಲ. ಪಶ್ಚಿಮ ಬಂಗಾಳದ ಯಾವ ಪ್ರದೇಶವೂ ಆ ಪಟ್ಟಿಯಲ್ಲಿಲ್ಲ.

ಕರ್ನಾಟಕದ್ದೂ ಇಲ್ಲ. ಈ ಒಂದು ವಿಷಯದಲ್ಲಿ ಚಾಂದಾದ ಸಂತಾಲ ಹೆಂಗಸೂ ಕೊಡಗಿನ ಜೇನುಕುರುಬನೂ ಒಂದೇ ದೋಣಿಯ ಪ್ರಯಾಣಿಕರು. ಇಬ್ಬರಿಗೂ ಉಳಿದಿರುವ ಮುಖ್ಯ ಆಸರೆ 2006ರ ಅರಣ್ಯ ಹಕ್ಕು ಕಾಯಿದೆ. ಅದು ಅರಣ್ಯ ಭೂಮಿಗೆ ಮಾತ್ರ ಅನ್ವಯ, ಆದರೆ ಅಲ್ಲಿ ಗ್ರಾಮಸಭೆಗೆ ನಿಜವಾದ ಬಲವಿದೆ. ನಿಯಮದ ಪ್ರಕಾರ ಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

ಆ ಬಲ ಏನೆಂಬುದನ್ನು ಒಡಿಶಾದ ನಿಯಮಗಿರಿ ತೋರಿಸಿತು. 2013ರ ಏಪ್ರಿಲ್ 18ರ ಸುಪ್ರೀಂ ಕೋರ್ಟ್ ತೀರ್ಪಿನ ಮೇರೆಗೆ 12 ಗ್ರಾಮಸಭೆಗಳು ನಡೆದು, ಹನ್ನೆರಡೂ ಬಾಕ್ಸೈಟ್ ಗಣಿ ಬೇಡವೆಂದವು. ಗಣಿ ಬರಲಿಲ್ಲ. ಬಂಗಾಳದಲ್ಲೇ ಪುರುಲಿಯಾದ ಅಯೋಧ್ಯಾ ಬೆಟ್ಟದ ತುರ್ಗಾ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ವಿಷಯದಲ್ಲಿ 2019ರ ಜುಲೈನಲ್ಲಿ ಕಲ್ಕತ್ತಾ ಹೈಕೋರ್ಟಿನ ಏಕಸದಸ್ಯ ಪೀಠ, ಗ್ರಾಮಸಭೆಯ ಒಪ್ಪಿಗೆ ಕಾಯಿದೆಯಂತೆ ಪಡೆದಿಲ್ಲವೆಂದು ತಡೆ ಹಾಕಿತ್ತು. ಸರ್ಕಾರಿ ಪಕ್ಷ ಮೇಲ್ಮನವಿ ಹೋಯಿತು. ಪಂಪ್ಡ್ ಸ್ಟೋರೇಜ್ ಎಂದೊಡನೆ ಶರಾವತಿ ನೆನಪಾಗದ ಮಲೆನಾಡಿಗರಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಯೋಜನೆಯ ಅಹವಾಲು ಸಭೆಗಳಿಗೆ ಜನ ಹರಿದು ಬಂದು ಬೇಡವೆಂದರು.

ತವರಿನ ಮಾತು ಬಂದಾಗ ಹೊರನಾಡಿನಲ್ಲಿರುವವರು ಹೆಮ್ಮೆಪಡಬಹುದಾದ ಒಂದು ಉದಾಹರಣೆ ಬಿಳಿಗಿರಿರಂಗನ ಬೆಟ್ಟದ್ದು. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆಗಲೂ ಸೋಲಿಗರನ್ನು ಕೇಳಲಿಲ್ಲ ಎಂಬ ಆಕ್ಷೇಪವಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಅರಣ್ಯದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಇಲಾಖೆ ಹೆದರಿದಂತೆ ಹುಲಿಗಳೇನೂ ಓಡಿಹೋಗಲಿಲ್ಲ.

ನಾಗರಹೊಳೆಯದು ಬೇರೆಯೇ ಕಥೆ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರನ್ನು ಎಬ್ಬಿಸಿದ್ದ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಿದವು. ಹಕ್ಕಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲಿನ ಹೆಜ್ಜೆಯಿದು. ಅಲ್ಲಿಯೂ ಎದುರಾದದ್ದು ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಪೊಲೀಸರು. ಬಂಗಾಳದ ಸರ್ಕಾರವನ್ನು ಟೀಕಿಸುವ ಕನ್ನಡಿಗ ಈ ಹಾಡಿಯನ್ನೂ ಒಮ್ಮೆ ನೋಡಿ ಮಾತಾಡಿದರೆ ಒಳ್ಳೆಯದು.

ಮಕ್ಕಳನ್ನು ಕೆನಡಾಕ್ಕೆ ಕಳಿಸಿರುವ ಓದುಗರಿಗೆ ಅಲ್ಲಿಂದಲೂ ಇದೇ ಸುದ್ದಿ ಬರುತ್ತಿರಬಹುದು. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯನ್ನು ಬ್ರಿಟಿಷ್ ಕೊಲಂಬಿಯಾ ಪ್ರಾಂತ 2019ರಲ್ಲಿ ತನ್ನ ಕಾನೂನಿಗೇ ಸೇರಿಸಿಕೊಂಡಿತು. ಅದೇ ಪ್ರಾಂತ 2025ರ ಮೇ ತಿಂಗಳಲ್ಲಿ ದೊಡ್ಡ ಯೋಜನೆಗಳಿಗೆ ಬೇಗ ಅನುಮತಿ ಕೊಡುವ ಮಸೂದೆ ತಂದಾಗ, ತಮ್ಮೊಡನೆ ಸರಿಯಾಗಿ ಸಮಾಲೋಚಿಸಲಿಲ್ಲವೆಂದು ಮೂಲನಿವಾಸಿ ಮುಖಂಡರು ತಿರುಗಿಬಿದ್ದರು. ಮಸೂದೆ ಪಾಸಾದದ್ದು ಸ್ಪೀಕರ್ ಅವರ ನಿರ್ಣಾಯಕ ಮತದಿಂದ. 2007ರ ಘೋಷಣೆಯ ಪರ ಭಾರತವೂ ಮತ ಹಾಕಿತ್ತು; ಆದರೆ ಈ ದೇಶದಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬುದು ದೆಹಲಿಯ ಹಳೆಯ ನಿಲುವು.

ದೇವುಚಾದಲ್ಲಿ ಈಗ ಅಗೆಯಲು ಹೊರಟದ್ದು ಕಲ್ಲು. ಕಲ್ಲಿದ್ದಲು ಇನ್ನೂ ಕೆಳಗಿದೆ. ಊರೂರುಗಳೇ ಏಳಬೇಕಾದ ದೊಡ್ಡ ಪ್ರಶ್ನೆ ಆ ಹಂತದ್ದು. ಅದಕ್ಕೆ ಮುನ್ನ ಪೂರ್ಣ ಪ್ರಮಾಣದ ಪರಿಸರ ಅಹವಾಲು ನಡೆಸಿ, ಸಂತಾಲರ ಪಾರಂಪರಿಕ ಮುಖ್ಯಸ್ಥ ಮಾಝಿಯ ಸಮ್ಮುಖದಲ್ಲಿ ಊರೂರಿನ ಸಭೆ ಸೇರಿಸಿ, ಬೇಡವೆನ್ನಲೂ ಅವಕಾಶ ಕೊಟ್ಟು ಕೇಳಲು ಸರ್ಕಾರಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಐದನೇ ಅನುಸೂಚಿ ಇಲ್ಲದ ಕಡೆ ಕೇಳಬಾರದೆಂದು ಎಲ್ಲಿಯೂ ಬರೆದಿಲ್ಲ.

ಚಾಂದಾದ ಬಯಲಿನಲ್ಲಿದ್ದ ಮರಗಳನ್ನು ಕಡಿಯದೆ ಬೇರು ಸಮೇತ ಕಿತ್ತು ಬೇರೆ ಕಡೆ ನೆಡುವ ಕೆಲಸವನ್ನು ಆಡಳಿತ 2025ರಲ್ಲಿ ಕೈಗೊಂಡಿತು. ಅವುಗಳಲ್ಲಿ ಹಿಪ್ಪೆ ಮರಗಳೂ ಇದ್ದವು. ಫಾಲ್ಗುಣ, ಚೈತ್ರದಲ್ಲಿ ಅವುಗಳ ಹೂ ಉದುರುವಾಗ ಬೆಳಗಿನ ಜಾವವೇ ಬುಟ್ಟಿ ಹಿಡಿದು ಹೋಗುತ್ತಿದ್ದವರು ಊರಿನ ಹೆಂಗಸರು.