ಟೊಯೊಟಾ ಹೆಸರಿಗೆ ದುಡ್ಡು ಕೊಡೋ ಮುಂಚೆ: ಬ್ಯಾಡ್ಜ್ ಒಂದೇ, ಒಳಗಿನ ಗಾಡಿ ಮೂರು ಥರ

ಗಾಡಿ ತಗೊಳ್ಳೋ ಮಾತು ಬಂದಾಗ ಟೊಯೊಟಾ ಅಂದ್ರೆ ಅಲ್ಲಿಗೆ ಚರ್ಚೆ ಮುಗೀತು. 'ಕಣ್ಣು ಮುಚ್ಕೊಂಡು ತಗೋ, ಮಾರಿದ್ರೂ ರೇಟು ಬರುತ್ತೆ' ಅನ್ನೋದು ತಾಲ್ಲೂಕು ಕೇಂದ್ರಗಳಲ್ಲಿ ದಿನಾ ಕೇಳೋ ಮಾತು. ಬಾಡಿಗೆ ಗಾಡಿ ಓಡಿಸೋರಿಂದ ಹಿಡಿದು ಅಡಿಕೆ ಮಂಡಿ ಮಾಲೀಕರವರೆಗೆ ಈ ನಂಬಿಕೆ ಇದೆ. ಅದು ಸುಮ್ಮನೆ ಬಂದದ್ದೂ ಅಲ್ಲ.

ಆದರೆ ಇವತ್ತು ಟೊಯೊಟಾ ಶೋರೂಮಿನಲ್ಲಿ ನಿಂತಿರೋ ಗಾಡಿಗಳು ಒಂದೇ ಜಾತಿಯವಲ್ಲ. ಒಂದು, ಹಳೇ ಪದ್ಧತಿಯ ಗಟ್ಟಿ ಚಾಸಿಯ ಡೀಸೆಲ್ ಗಾಡಿ: ಫಾರ್ಚುನರ್, ಇನೋವಾ ಕ್ರಿಸ್ಟಾ. ಎರಡು, ಟೊಯೊಟಾದ್ದೇ ಹೈಬ್ರಿಡ್ ತಂತ್ರಜ್ಞಾನ ಇರೋ ಗಾಡಿ: ಹೈಕ್ರಾಸ್, ಹೈರೈಡರ್ ಹೈಬ್ರಿಡ್. ಮೂರು, ಮಾರುತಿ ಸುಜುಕಿ ಗಾಡಿಗೆ ಟೊಯೊಟಾ ಬ್ಯಾಡ್ಜ್ ಹಾಕಿದ್ದು: ಟೈಸರ್, ರೂಮಿಯನ್, ಗ್ಲಾಂಝಾ. ಮೊದಲನೆಯದು ಗಳಿಸಿದ ಹೆಸರನ್ನ ನೋಡಿ ಜನ ಮೂರನೆಯದಕ್ಕೂ ಸಾಲ ಮಾಡ್ತಿದ್ದಾರೆ. ಲೆಕ್ಕ ತಪ್ಪೋದು ಇಲ್ಲೇ.

ಮಗ್ಗದಿಂದ ಶುರುವಾದ ಕಂಪನಿ

ಟೊಯೊಟಾ ಕಥೆ ಕಾರಿನಿಂದ ಶುರುವಾಗಲ್ಲ, ಮಗ್ಗದಿಂದ ಶುರುವಾಗುತ್ತೆ. ಸಕಿಚಿ ಟೊಯೊಡಾ ಅನ್ನೋರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ವಿಶೇಷ ಏನಂದ್ರೆ, ಒಂದು ಎಳೆ ಕಡಿದರೂ ಮಗ್ಗ ತಾನಾಗೇ ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರ, ಬನಹಟ್ಟಿ ಕಡೆಯ ನೇಕಾರರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಎಳೆ ಕಡಿದ ಮೇಲೂ ಮಗ್ಗ ಓಡಿದರೆ ಬಟ್ಟೆ ಪೂರ್ತಿ ಹಾಳು. 1926ರಲ್ಲಿ ಈ ಮಗ್ಗಗಳನ್ನ ತಯಾರಿಸೋಕೆ ಒಂದು ಕಂಪನಿ ಹುಟ್ಟಿತು. ಅದರೊಳಗೇ ಮಗ ಕಿಚಿರೊ 1933ರಲ್ಲಿ ಮೋಟಾರು ವಿಭಾಗ ತೆರೆದರು. 1937ರಲ್ಲಿ ಟೊಯೊಟಾ ಮೋಟಾರ್ ಬೇರೆ ಕಂಪನಿಯಾಯಿತು.

ಹದಿಮೂರು ವರ್ಷಕ್ಕೆ ಅದು ಮುಳುಗೋ ಹಂತಕ್ಕೆ ಬಂದಿತ್ತು. ಯುದ್ಧ ಸೋತ ಜಪಾನಿನಲ್ಲಿ ಗಾಡಿ ಕೊಳ್ಳೋರಿರಲಿಲ್ಲ, ಕಂಪನಿ ತುಂಬಾ ಸಾಲ. 1950ರಲ್ಲಿ ನೌಕರರನ್ನ ಮನೆಗೆ ಕಳಿಸೋ ಪರಿಸ್ಥಿತಿ ಬಂತು, ಮುಷ್ಕರ ನಡೀತು, ಕಿಚಿರೊ ರಾಜೀನಾಮೆ ಕೊಟ್ಟು ಹೊರಗೆ ಹೋದರು. ಅದೇ ವರ್ಷ ಕೊರಿಯಾ ಯುದ್ಧ ಶುರುವಾಗಿ, ಅಮೆರಿಕದ ಸೇನೆಯಿಂದ ಟ್ರಕ್‌ಗಳಿಗೆ ಆರ್ಡರ್ ಬಂದದ್ದೇ ಕಂಪನಿಯನ್ನ ಉಳಿಸಿತು.

1951ರಲ್ಲಿ ಜೀಪಿನಂಥ 'ಬಿಜೆ' ಗಾಡಿ ತಯಾರಾಯಿತು. ಫ್ಯುಜಿ ಪರ್ವತದ ಆರನೇ ಹಂತದವರೆಗೆ ಹತ್ತಿಸಿ ಅದರ ತಾಕತ್ತು ತೋರಿಸಿದರು. 1954ರಲ್ಲಿ ಅದಕ್ಕೇ ಲ್ಯಾಂಡ್ ಕ್ರೂಸರ್ ಅಂತ ಹೆಸರಾಯಿತು. ಗಲ್ಫ್‌ಗೆ ಹೋಗಿ ಬಂದ ಕರಾವಳಿಯವರಿಗೆ ಈ ಗಾಡಿಯ ಪರಿಚಯ ಚೆನ್ನಾಗೇ ಇದೆ. ಇವತ್ತು ಟೊಯೊಟಾ ಸಮೂಹ ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ಮಾರೋ ಕಂಪನಿ. 2024ರಲ್ಲಿ ಮಾರಿದ್ದು ಸುಮಾರು 1.08 ಕೋಟಿ.

ಕಾರಿಗಿಂತ ಮೊದಲು ಜಿಗಣಿಗೆ ಬಂದದ್ದು ಮಗ್ಗದ ಕಂಪನಿ

ಬಿಡದಿ ಕಾರ್ಖಾನೆ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ, 1995ರಲ್ಲೇ, ಕಿರ್ಲೋಸ್ಕರ್ ಜೊತೆ ಸೇರಿ ಟೊಯೊಡಾ ಜವಳಿ ಯಂತ್ರದ ಘಟಕ ಆನೇಕಲ್ ತಾಲ್ಲೂಕಿನ ಜಿಗಣಿಗೆ ಬಂದಿತ್ತು ಅನ್ನೋದು ಕಮ್ಮಿ ಜನಕ್ಕೆ ಗೊತ್ತು. ಅದೇ ಜಿಗಣಿಯಲ್ಲಿ ಮುಂದೆ ಇನೋವಾಗೆ ಹಾಕೋ ಡೀಸೆಲ್ ಇಂಜಿನ್ ತಯಾರಿಕೆಯೂ ಶುರುವಾಯಿತು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. 2000ದ ಆರಂಭದಲ್ಲಿ ಬಿಡದಿಯ ಕ್ವಾಲಿಸ್ ರಸ್ತೆಗಿಳಿಯಿತು.

ನೋಡೋಕೆ ಡಬ್ಬದ ಹಾಗಿದ್ದ ಕ್ವಾಲಿಸ್ ಅನ್ನ ಮೇಲಕ್ಕೆತ್ತಿದ್ದು ಶ್ರೀಮಂತರಲ್ಲ, ಟ್ರಾವೆಲ್ಸ್‌ನೋರು. ಬೆಂಗಳೂರಿನ ಕಾಲ್ ಸೆಂಟರ್ ಪಿಕಪ್, ಮದುವೆ ದಿಬ್ಬಣ, ಧರ್ಮಸ್ಥಳ ಟ್ರಿಪ್, ಎಲ್ಲಕ್ಕೂ ಅದೇ. ರಾತ್ರಿ ಹಗಲು ಓಡಿದರೂ ಇಂಜಿನ್ ಬಿಚ್ಚಬೇಕಾಗಿ ಬರ್ತಿರಲಿಲ್ಲ ಅನ್ನೋದೇ ಡ್ರೈವರ್‌ಗಳ ಸರ್ಟಿಫಿಕೇಟ್. 2005ರಲ್ಲಿ ಇನೋವಾ ಬಂತು, 2009ರಲ್ಲಿ ಫಾರ್ಚುನರ್ ಬಂತು. ಈ ಹೆಸರು ಬೆಳೆದದ್ದು ಜಾಹೀರಾತಿನಿಂದಲ್ಲ, ಎಲ್ಲೋ ಬೋರ್ಡ್ ಗಾಡಿಗಳ ಮೀಟರಿನಿಂದ.

ಕಾರ್ಖಾನೆ ಒಳಗೆ ಎಲ್ಲವೂ ಸುಸೂತ್ರ ಇತ್ತು ಅಂತಲ್ಲ. 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಬಿಡದಿ ಘಟಕಕ್ಕೆ ಬೀಗಮುದ್ರೆ ಬಿತ್ತು. ಕೆಲಸದ ಒತ್ತಡ ಹೆಚ್ಚಾಗಿದೆ ಅನ್ನೋದು ಕಾರ್ಮಿಕರ ದೂರು, ಶಿಸ್ತು ಮೀರಿದ್ದಾರೆ ಅನ್ನೋದು ಕಂಪನಿ ಮಾತು. ಆಮೇಲೆ, 2023ರಲ್ಲಿ, ಬಿಡದಿಯಲ್ಲಿ ಮೂರನೇ ಘಟಕಕ್ಕೆ 3,300 ಕೋಟಿ ರೂಪಾಯಿ ಹೂಡೋ ಒಪ್ಪಂದಕ್ಕೆ ಸರ್ಕಾರದ ಜೊತೆ ಸಹಿ ಬಿತ್ತು.

ಫಾರ್ಚುನರ್: ಮಾಲೀಕರು ಹೇಳೋದೇನು?

ಚುನಾವಣೆ ಬಂತು ಅಂದ್ರೆ ಬಿಳಿ ಫಾರ್ಚುನರ್‌ಗಳ ಸಾಲು ನಿಲ್ಲುತ್ತೆ. ಗತ್ತಿನ ವಿಷಯ ಪಕ್ಕಕ್ಕಿಟ್ಟು ಓಡಿಸೋರನ್ನ ಕೇಳಿದರೆ ಹೊಗಳಿಕೆಯೂ ಇದೆ, ಗೊಣಗಾಟವೂ ಇದೆ.

ಹೊಗಳಿಕೆ ಗೊತ್ತಿರೋದೇ. ಇಂಜಿನ್ ಬಾಳಿಕೆ, ಎಳೆಯೋ ಶಕ್ತಿ, ಕೆಟ್ಟ ರಸ್ತೆಯಲ್ಲೂ ತಳ ತಾಗದ ಎತ್ತರ, ಮಾರುವಾಗ ಸಿಗೋ ರೇಟು. ಗೊಣಗಾಟ ಶೋರೂಮಿನಲ್ಲಿ ಯಾರೂ ಹೇಳಲ್ಲ. ಗಟ್ಟಿ ಚಾಸಿ ಆದ್ದರಿಂದ ಹಿಂದೆ ಕೂತೋರಿಗೆ ಕುಲುಕಾಟ ಜಾಸ್ತಿ. ಅಷ್ಟು ದುಡ್ಡು ಕೊಟ್ಟರೂ ಸನ್‌ರೂಫ್ ಇಲ್ಲ. ಮೂರನೇ ಸಾಲಿನ ಸೀಟು ಮಡಚಿದರೆ ಎರಡೂ ಪಕ್ಕಕ್ಕೆ ನೇತಾಡುತ್ತೆ, ಸಾಮಾನು ಇಡೋ ಜಾಗ ತಿನ್ನುತ್ತೆ.

ಬಿಎಸ್-6 ಡೀಸೆಲ್ ಗಾಡಿಗಳದ್ದು ಇನ್ನೊಂದು ವಿಷಯ. ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅಂದ್ರೆ ಡಿಪಿಎಫ್, ಬಿಸಿಯೇರಿ ಆ ಮಸಿಯನ್ನ ಸುಟ್ಟುಕೊಳ್ಳಬೇಕು. ಅದಕ್ಕೆ ಹೈವೇಯಲ್ಲಿ ಒಂದಷ್ಟು ಹೊತ್ತು ಓಡಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಬ್ಯಾಂಕು, ದಿನಕ್ಕೆ ಐದಾರು ಕಿಲೋಮೀಟರ್ ಓಡಿಸೋರಿಗೆ ಮಸಿ ಕಟ್ಟಿ ಲೈಟ್ ಬರೋ ಸಾಧ್ಯತೆ ಹೆಚ್ಚು. ಇದು ಟೊಯೊಟಾ ಒಂದಕ್ಕೇ ಅಂಟಿದ ದೋಷವಲ್ಲ, ಇವತ್ತಿನ ಡೀಸೆಲ್ ಗಾಡಿಗಳ ಸ್ವಭಾವವೇ ಹಾಗೆ. ಊರೊಳಗೇ ಓಡಿಸೋರು ಡೀಸೆಲ್ ಎಸ್‌ಯುವಿ ಕೊಳ್ಳೋ ಮುಂಚೆ ಎರಡು ಸಲ ಯೋಚಿಸಬೇಕು.

ಎಳೆ ಕಡಿದರೂ ಮಗ್ಗ ಓಡಿದಾಗ

ತಪ್ಪು ಕಂಡಕೂಡಲೇ ನಿಲ್ಲಿಸಬೇಕು ಅನ್ನೋ ಪಾಠ ಕಲಿಸಿದ ಕಂಪನಿಯೇ ಆ ಪಾಠ ಮರೆತದ್ದೂ ಇದೆ. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಸಿಕ್ಕಿಹಾಕಿಕೊಳ್ಳೋ ದೂರುಗಳಿಂದ ಲಕ್ಷಾಂತರ ಗಾಡಿಗಳನ್ನ ವಾಪಸ್ ಕರೆಸಬೇಕಾಯಿತು. ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಮುಂದೆ ಕೂತು ಕ್ಷಮೆ ಕೇಳಿದರು. ಸುರಕ್ಷತೆ ವಿಷಯದಲ್ಲಿ ಗ್ರಾಹಕರನ್ನ ತಪ್ಪುದಾರಿಗೆ ಎಳೆದದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟೋಕೆ ಕಂಪನಿ ಒಪ್ಪಿತು.

2024ರ ಜನವರಿಯದ್ದು ನಮ್ಮೂರಿಗೂ ತಟ್ಟಿತು. ಡೀಸೆಲ್ ಇಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ, ಗ್ರಾಹಕರಿಗೆ ಕೊಡೋ ಗಾಡಿಯ ಸಾಫ್ಟ್‌ವೇರ್ ಬಿಟ್ಟು ಬೇರೆಯದ್ದನ್ನ ಬಳಸಿ ಅಂಕಿ ಚೆನ್ನಾಗಿ ಕಾಣೋ ಹಾಗೆ ಮಾಡಿದ್ದು ಬಯಲಾಯಿತು. ಭಾರತದಲ್ಲಿ ಫಾರ್ಚುನರ್, ಇನೋವಾ ಕ್ರಿಸ್ಟಾ, ಹೈಲಕ್ಸ್ ಗಾಡಿಗಳ ರವಾನೆ ಕೆಲವು ದಿನ ನಿಂತು ಫೆಬ್ರವರಿಯಲ್ಲಿ ಮತ್ತೆ ಶುರುವಾಯಿತು. ಇಂಜಿನ್ ಶಕ್ತಿಗಾಗಲಿ ಸುರಕ್ಷತೆಗಾಗಲಿ ತೊಂದರೆ ಇಲ್ಲ ಅಂತ ಕಂಪನಿ ಹೇಳಿತು. ಆ ಪರೀಕ್ಷೆ ನಡೆಸಿದ್ದು ಟೊಯೊಟಾ ಇಂಡಸ್ಟ್ರೀಸ್. 1926ರಲ್ಲಿ ಸಕಿಚಿ ಮಗ್ಗಕ್ಕಾಗಿ ಕಟ್ಟಿದ ಅದೇ ಕಂಪನಿ.

ಸುಜುಕಿ ಗಾಡಿ, ಟೊಯೊಟಾ ಮುಖ

2018ರಲ್ಲಿ ಟೊಯೊಟಾ, ಸುಜುಕಿ ಎರಡೂ ಭಾರತದಲ್ಲಿ ಗಾಡಿ ಹಂಚಿಕೊಳ್ಳೋ ಒಪ್ಪಂದಕ್ಕೆ ಬಂದವು. ಬಲೇನೊ 2019ರಲ್ಲಿ ಗ್ಲಾಂಝಾ ಆಯಿತು, ಎರ್ಟಿಗಾ 2023ರಲ್ಲಿ ರೂಮಿಯನ್ ಆಯಿತು, ಫ್ರಾಂಕ್ಸ್ 2024ರಲ್ಲಿ ಟೈಸರ್ ಆಯಿತು. ಉಲ್ಟಾನೂ ಉಂಟು: ಹೈಕ್ರಾಸ್ ಅನ್ನ ಮಾರುತಿ ಇನ್ವಿಕ್ಟೊ ಅಂತ ಮಾರುತ್ತೆ. ಹೈರೈಡರ್, ಅದರ ಜೋಡಿ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾಗುತ್ತವೆ.

ಗಾಡಿ ಒಂದೇ ಆದ್ಮೇಲೆ ದೋಷವೂ ಒಂದೇ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕೆ ಮಾರುತಿ 17,362 ಗಾಡಿ ವಾಪಸ್ ಕರೆಸಿತು. ಅದೇ ಕಾರಣಕ್ಕೆ ಟೊಯೊಟಾ 1,390 ಗ್ಲಾಂಝಾ, ಹೈರೈಡರ್‌ಗಳನ್ನ ಕರೆಸಿತು. ಬ್ಯಾಡ್ಜ್ ಬದಲಾಯಿತು ಅಂತ ಏರ್‌ಬ್ಯಾಗ್ ಬದಲಾಗಲಿಲ್ಲ.

ಇದರರ್ಥ ಮಾರುತಿ ಗಾಡಿ ಕೆಟ್ಟದ್ದು ಅಂತಲ್ಲ. ಕ್ವಾಲಿಸ್ ಓಡಿದ ಹಾಗೆ ಟೈಸರ್ ಓಡುತ್ತೆ ಅಂತ ನಂಬೋಕೆ ಕಾರಣ ಇಲ್ಲ ಅಷ್ಟೇ. ಮೊದಲು ಟೊಯೊಟಾ ಬ್ಯಾಡ್ಜ್‌ನಿಂದ ಒಂದು ನೇರ ಲಾಭ ಇತ್ತು: ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ. 2024ರ ಜುಲೈನಿಂದ ಮಾರುತಿಯೂ ಅಷ್ಟೇ ಕೊಡ್ತಿದೆ. ಈಗ ಉಳಿದಿರೋ ವ್ಯತ್ಯಾಸ ಬೆಲೆ, ಸರ್ವಿಸ್ ಸೆಂಟರ್, ಡೀಲರ್ ನಡವಳಿಕೆ.

ಹೈರೈಡರ್‌ನಲ್ಲೂ ಎರಡು ಇಂಜಿನ್

ಇಲ್ಲಿ ಇನ್ನೂ ಹುಷಾರಾಗಿರಬೇಕು. ಕಡಿಮೆ ಬೆಲೆಯ ಹೈರೈಡರ್‌ನಲ್ಲಿ ಸುಜುಕಿಯ 1.5 ಲೀಟರ್ ನಾಲ್ಕು ಸಿಲಿಂಡರ್ ಇಂಜಿನ್ ಇದೆ. ಮೇಲಿನ ಹೈಬ್ರಿಡ್‌ನಲ್ಲಿ ಟೊಯೊಟಾದ 1.5 ಲೀಟರ್ ಮೂರು ಸಿಲಿಂಡರ್ ಇಂಜಿನ್ ಜೊತೆಗೆ ಮೋಟಾರು, ಬ್ಯಾಟರಿ. ಎರಡಕ್ಕೂ ಹೊರಗಿನ ಮುಖ ಒಂದೇ.

ಹೈಬ್ರಿಡ್ ಮಾಲೀಕರು ಮೈಲೇಜ್ ವಿಷಯದಲ್ಲಿ ಖುಷಿಯಾಗಿದ್ದಾರೆ. ಕಂಪನಿ ಹೇಳೋದು ಲೀಟರಿಗೆ 27.97 ಕಿಲೋಮೀಟರ್. ಅಷ್ಟು ಸಿಗದಿದ್ದರೂ 20ರ ಮೇಲೆ ಬರುತ್ತೆ ಅನ್ನೋರೇ ಹೆಚ್ಚು. ನಿಂತು ನಿಂತು ಸಾಗೋ ಪೇಟೆ ಬೀದಿಯಲ್ಲಿ ಗಾಡಿ ಬ್ಯಾಟರಿಯಲ್ಲೇ ಓಡೋದರಿಂದ ಪೆಟ್ರೋಲ್ ಉಳಿಯುತ್ತೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ. ದೂರು ಎರಡು: ಬ್ಯಾಟರಿ ಹಿಂದೆ ಕೂತಿರೋದರಿಂದ ಡಿಕ್ಕಿ ಸಣ್ಣದು, ಹೈವೇಯಲ್ಲಿ ಜೋರಾಗಿ ಒತ್ತಿದರೆ ಇಂಜಿನ್ ಸದ್ದು. ಸುಜುಕಿ ಇಂಜಿನ್‌ನೋರ ದೂರು ಬೇರೆ: ಮಂದಿ ತುಂಬಿಸಿಕೊಂಡು ಘಾಟಿ ಹತ್ತುವಾಗ, ಲಾರಿ ಓವರ್‌ಟೇಕ್ ಮಾಡುವಾಗ ಪವರ್ ಸಾಲಲ್ಲ.

ಅಂಗಡಿಯವರ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇ 50 ಇದ್ದದ್ದು ಶೇ 40 ಆಯಿತು. ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಗಾಡಿಗೆ ಶೇ 18. ಟೈಸರ್ ಈ ಸಣ್ಣ ಸಾಲಿಗೇ ಬರುತ್ತೆ. ಹೊಸ ಗಾಡಿ ಬೆಲೆ ಇಳಿದ ಮೇಲೆ ಹಳೇ ಫಾರ್ಚುನರ್‌ಗೆ ಹಳೇ ರೇಟೇ ಹೇಳೋ ಬ್ರೋಕರ್ ಮಾತಿಗೆ ಒಪ್ಪಬೇಕಾಗಿಲ್ಲ.

ರಾಜ್ಯದ ರಸ್ತೆ ತೆರಿಗೆ ಬೇರೆ. 5ರಿಂದ 10 ಲಕ್ಷದ ಗಾಡಿಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಇದಕ್ಕೆ ಸೆಸ್ ಪ್ರತ್ಯೇಕ. 35 ಲಕ್ಷದ ಗಾಡಿ ಅಂದುಕೊಂಡರೆ ರಸ್ತೆ ತೆರಿಗೆಯೇ 6.30 ಲಕ್ಷ. ಸಣ್ಣ ಪೇಟೆಯಲ್ಲಿ ಅದು ಒಂದು ಅಂಗಡಿಯ ಬಂಡವಾಳ.

ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಮೂರು ಪ್ರಶ್ನೆ ಕೇಳಲೇಬೇಕು. ಈ ಗಾಡಿಯ ಇಂಜಿನ್ ಯಾರದ್ದು? ಇದರ ಜೋಡಿ ಮಾರುತಿಯಲ್ಲಿದ್ದರೆ ಆನ್‌ರೋಡ್ ಬೆಲೆ ಎಷ್ಟು ವ್ಯತ್ಯಾಸ? ಊರಿಂದ ಯಾವ ಸರ್ವಿಸ್ ಸೆಂಟರ್ ಹತ್ತಿರ? ಮಾರುತಿ ಸರ್ವಿಸ್ ತಾಲ್ಲೂಕಿನಲ್ಲೇ ಇದ್ದು, ಟೊಯೊಟಾದ್ದು ಜಿಲ್ಲಾ ಕೇಂದ್ರದಲ್ಲಿದ್ದರೆ, ಪ್ರತಿ ಸರ್ವಿಸ್‌ಗೂ ಒಂದು ದಿನದ ವ್ಯಾಪಾರ ಹೋಗುತ್ತೆ. ಸೆಕೆಂಡ್ ಹ್ಯಾಂಡ್ ಆದ್ರೆ ಸರ್ವಿಸ್ ದಾಖಲೆ ನೋಡದೆ, ರೀಕಾಲ್ ಕೆಲಸ ಬಾಕಿ ಇದೆಯಾ ಅಂತ ಚಾಸಿ ನಂಬರ್ ಕೊಟ್ಟು ಕೇಳದೆ ಮುಂದುವರಿಯಬಾರದು.

ದಿನಾ ನೂರು ಕಿಲೋಮೀಟರ್ ಓಡಿಸೋ ಟ್ರಾವೆಲ್ಸ್‌ನೋರಿಗೆ ಡೀಸೆಲ್ ಇನೋವಾ ಇವತ್ತಿಗೂ ಲೆಕ್ಕಕ್ಕೆ ಕೂರುತ್ತೆ. ಪೇಟೆಯಲ್ಲೇ ಓಡಾಡೋ ಕುಟುಂಬಕ್ಕೆ ಹೈಬ್ರಿಡ್ ಕೂರಬಹುದು. ಬ್ಯಾಡ್ಜ್ ಬದಲಾದ ಗಾಡಿಗೆ ಹೆಚ್ಚಿಗೆ ಕೊಡೋದಕ್ಕೆ ಮಾತ್ರ ಗಟ್ಟಿ ಕಾರಣ ಬೇಕು. ಕ್ವಾಲಿಸ್ ಓಡಿಸಿದ ಡ್ರೈವರ್‌ಗಳು ಬೆವರು ಸುರಿಸಿ ಗಳಿಸಿಕೊಟ್ಟ ಹೆಸರು ಅದು. ಆ ಹೆಸರಿಗೆ ಕಂತು ಕಟ್ಟೋರು ಬಾನೆಟ್ ಎತ್ತಿ ಒಳಗೆ ನೋಡೋದರಲ್ಲಿ ತಪ್ಪೇನಿಲ್ಲ.